ಸುತ್ತಿಗೆಯ ಎದುರಿನ ಸ್ಟೂಲು

ತಾವರಗೇರಾ ದಾಟಿ ಕನಕಗಿರಿಯ ಕಡೆ ಹೊರಟರೆ, ಊರು ಇನ್ನೇನು ಮುಗಿಯಿತು ಅನ್ನುವಾಗ ಎಡಗಡೆ ಒಂದು ತಗಡಿನ ಶೆಡ್ಡು ಕಾಣುತ್ತದೆ. ಅದರ ಹಣೆಯ ಮೇಲೆ ‘ಕಳಕಪ್ಪ ಕಂಬಾರ, ಉಕ್ಕಿನ ಶಿಲ್ಪಿ’ ಎಂದು ಕೆಂಪು ಬಣ್ಣದಲ್ಲಿ ಬರೆದಿದೆ. ಮೊದಲು ಅಲ್ಲಿ ‘ಕುಡಗೋಲು, ಕುರ್ಪಿ, ಕೊಡಲಿ ಹಣಿದು ಕೊಡಲಾಗುವುದು’ ಎಂದಿತ್ತು. ಹಳೆಯ ಅಕ್ಷರಗಳನ್ನು ಪೂರ್ತಿ ಕೆರೆದು ತೆಗೆಯದೆ ಬಣ್ಣ ಬಳಿದದ್ದರಿಂದ, ಬಿಸಿಲು ಏರಿದ ಹಾಗೆ ಶಿಲ್ಪಿಯ ಹಿಂದಿನಿಂದ ಕೊಡಲಿ ಇಣುಕುತ್ತದೆ.

ಟ್ರ್ಯಾಕ್ಟರು ಬಂದ ಮೇಲೆ ನೇಗಿಲು ಹೋಯಿತು, ನೇಗಿಲಿನ ಬೆನ್ನು ಹತ್ತಿ ಕುಲುಮೆಯ ಕೆಲಸವೂ ಹೋಯಿತು. ಕೆಲಸವಿಲ್ಲದ ಒಂದು ಬೇಸಿಗೆಯಲ್ಲಿ ಕೈ ಸುಮ್ಮನಿರಲಾರದೆ, ಮುರಿದ ನೇಗಿಲ ಕುಳಗಳನ್ನೆಲ್ಲ ಕಾಸಿ ಬಡಿದು ಕಳಕಪ್ಪ ಒಂದು ಹೋರಿ ಮಾಡಿದ. ಹೋರಿ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಅವನನ್ನು ಹೊಗಳಲು ಸಂದರ್ಭ ಸಿಗಲಿಕ್ಕಿಲ್ಲ. ಯಾರೋ ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಹರಿಬಿಟ್ಟರು. ಕುಷ್ಟಗಿಯಲ್ಲಿ ಒಂದು ಸಮಾರಂಭಕ್ಕೆ ಕರೆದು ಶಾಲು ಹೊದಿಸಿದರು. ಶಾಲನ್ನು ಮಡಚಿ ಟ್ರಂಕಿನಲ್ಲಿಟ್ಟರೂ ಕಳಕಪ್ಪನ ಹೆಗಲು ಮಾತ್ರ ಅದನ್ನು ಹೊದ್ದ ಆಕಾರದಲ್ಲೇ ಉಳಿಯಿತು. ಆಮೇಲಿಂದ ಕೊಡಲಿಯ ಬಾಯಿ ಹಣಿಸಲು ಬಂದವರಿಗೂ ಅವನು ‘ಕಲಾ ಅಂದ್ರ ಏನು’ ಎಂಬುದನ್ನು ಹೇಳಿಯೇ ಕೊಡಲಿ ಕೊಡುತ್ತಿದ್ದ. ಜನ ಕೊಡಲಿಯ ಆಸೆಗೆ ಕೇಳಿಸಿಕೊಳ್ಳುತ್ತಿದ್ದರು.

ಆದರೆ ಆ ಹೋರಿಯನ್ನು ಬಡಿದದ್ದು ಒಂದೇ ಜೋಡಿ ಕೈ ಅಲ್ಲ. ಕಂಬಾರರ ಮನೆಗಳಲ್ಲಿ ಗಂಡ ಇಕ್ಕಳ ಹಿಡಿದು ಕುಳಿತು, ಸಣ್ಣ ಸುತ್ತಿಗೆಯಿಂದ ಎಲ್ಲಿ ಬೀಳಬೇಕೆಂದು ತೋರಿಸುತ್ತಾನೆ. ಹೆಂಡತಿ ಸೆರಗು ಬಿಗಿದು ನಿಂತು, ಅಲ್ಲಿಗೆ ದೊಡ್ಡ ಚಮಟಿಗೆಯನ್ನು ಬೀಸಿ ಇಳಿಸುತ್ತಾಳೆ. ಹುಲಿಗವ್ವ ಮದುವೆಯಾಗಿ ಬಂದ ವರ್ಷದಿಂದ ಚಮಟಿಗೆ ಬೀಸಿದವಳು. ಹೋರಿ ಮುಗಿಯುವ ಹೊತ್ತಿಗೆ ಅವಳ ಬಲಭುಜ ಸತ್ತೇಹೋಗಿತ್ತು. ತಲೆ ಬಾಚಿಕೊಳ್ಳಲೂ ಎಡಗೈಯೇ ಬೇಕಾಯಿತು.

“ನಿನ್ನ ಸಲುವಾಗೇ ಮಷಿನ್ ತರ್ತೀನಿ” ಎಂದ ಕಳಕಪ್ಪ.

“ನನ್ನ ಸಲುವಾಗಿ ಆದ್ರ ಒಂದ ಗ್ರೈಂಡರ್ ತರ್ರಿ, ಚಟ್ನಿ ಅರದು ಅರದು ಸಾಕಾಗೇತಿ” ಎಂದಳು ಹುಲಿಗವ್ವ.

ಬಂದದ್ದು ಪವರ್ ಹ್ಯಾಮರು. ಹೊಸಪೇಟೆಯ ಆಚೆ ಎಲ್ಲೋ ಮುಚ್ಚಿಹೋದ ಕಾರ್ಖಾನೆಯೊಂದರ ಹಿತ್ತಲಲ್ಲಿ ಜಾಲಿಮುಳ್ಳು ಹಬ್ಬಿಸಿಕೊಂಡು ಬಿದ್ದಿತ್ತು. ಆಳೆತ್ತರದ ಕಬ್ಬಿಣದ ಕಂಬ. ಅದರ ನೆತ್ತಿಯಲ್ಲಿ ಲಾರಿಗೆ ಇರುವಂಥ ಕಮಾನು ಪಟ್ಟಿ. ಕಮಾನಿನ ತುದಿಗೆ ಒಂದು ಕೊಂಡಿಯಲ್ಲಿ ನೇತುಬಿದ್ದ, ಕುರಿಮರಿಯಷ್ಟು ದಪ್ಪದ ಸುತ್ತಿಗೆಯ ತಲೆ. ಪಕ್ಕದಲ್ಲೊಂದು ಭಾರಿ ಗಾಲಿ. ಮೋಟಾರು ಹಾಕಿ ಕೆಳಗಿನ ಪೆಡಲು ತುಳಿದರೆ ಬೆಲ್ಟು ಬಿಗಿಯಾಗಿ ಗಾಲಿ ತಿರುಗುತ್ತದೆ, ತಲೆ ಮೇಲೆ ಕೆಳಗೆ ಕುಣಿಯುತ್ತದೆ. ಜೋರಾಗಿ ತುಳಿದಷ್ಟೂ ಜೋರು ಪೆಟ್ಟು. ಇದನ್ನು ಲಾರಿಯಿಂದ ಇಳಿಸುವಾಗ ಬೀದಿನಾಯಿಗಳು ಬೊಗಳಲಿಲ್ಲ. ಬಾಲ ಮುದುರಿಕೊಂಡು ರಸ್ತೆಯ ಆಚೆ ಹೋಗಿ ನಿಂತವು. ಕಳಕಪ್ಪ ಅದನ್ನು ಗೌರವವೆಂದು ತಿಳಿದ.

ಮಷಿನ್ನಿಗೆ ಜೀವ ತುಂಬಿದವನು ಸಿಂಧನೂರು ರಸ್ತೆಯ ವೆಲ್ಡರ್ ಶಬ್ಬೀರ. ಬೇರಿಂಗು, ಬೆಲ್ಟು, ಕಮಾನು ಎಲ್ಲ ಹೊಸದು ಹಾಕಿದ. ಕೊನೆಯ ದಿನ ಕೈ ಒರೆಸಿಕೊಳ್ಳುತ್ತ ಅವನು ಹೇಳಿದ ಮಾತು ಇದು: “ಕಳಕಪ್ಪಣ್ಣ, ಎಲ್ಲಾ ನಾ ಹಾಕಿದ್ದು, ಎಲ್ಲಾದಕ್ಕೂ ನಾ ಜವಾಬ್ದಾರಿ. ಈ ತಲಿ ಒಂದ ಹಳೇದು. ಇದರ ಹಣಿಬರಾ ನನಗ ಗೊತ್ತಿಲ್ಲ. ಇದರ ಮ್ಯಾಲ ಒಂದ ಕಣ್ಣ ಇಡು.”

“ಹಳೇ ಕಬ್ಬಿಣದ ಮುಂದ ಈಗಿಂದು ಯಾವ ಲೆಕ್ಕ ಶಬ್ಬೀರಾ” ಎಂದು ಕಳಕಪ್ಪ ಅವನ ಬೆನ್ನು ತಟ್ಟಿ ಕಳಿಸಿದ.

ಹೀಗೆ ಹುಲಿಗವ್ವ ಚಮಟಿಗೆ ಬಿಟ್ಟು ಸ್ಟೂಲಿಗೆ ಬಂದಳು. ಹ್ಯಾಮರಿನ ಎದುರಿಗೆ ಒಂದು ಗಿಡ್ಡ ಸ್ಟೂಲು. ಅದರ ಮೇಲೆ ಕುಳಿತು, ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಸುತ್ತಿಗೆ ಬೀಳುವ ಜಾಗಕ್ಕೆ ಒಡ್ಡುವುದು ಅವಳ ಕೆಲಸ. ಕಳಕಪ್ಪ ಪಕ್ಕದಲ್ಲಿ ನಿಂತು ಪೆಡಲು ತುಳಿಯುತ್ತಿದ್ದ. ಶಿಲ್ಪಿಯಾದವನು ನಿಂತಿರಬೇಕು, ದೂರದಿಂದ ನೋಡಬೇಕು ಎಂಬುದು ಅವನ ಸಿದ್ಧಾಂತ. “ಈಗ ನಿಂದು ರಾಣಿ ಕೆಲಸ, ಕುಂತ ಉಣ್ಣೂದು” ಎನ್ನುತ್ತಿದ್ದ. ಕುಣಿಯುವ ತಲೆಗೂ ರಾಣಿಯ ಹಣೆಗೂ ನಡುವೆ ಒಂದು ಮೊಳದ ಗಾಳಿ ಇತ್ತು, ಅಷ್ಟೇ.

ಗಂಗಾವತಿಯ ರೈಸ್‌ಮಿಲ್ಲಿನ ಸಾಹುಕಾರ ಗವಿಸಿದ್ದೇಶ ಕನಕಗಿರಿಯ ಹತ್ತಿರ ಹೊಸ ಕಲ್ಯಾಣಮಂಟಪ ಕಟ್ಟಿಸುತ್ತಿದ್ದ. ಬಾಗಿಲಿನ ಎರಡೂ ಕಡೆ ಉಕ್ಕಿನ ಸಿಂಹಗಳು ಬೇಕು ಎಂದ. ಕಳಕಪ್ಪ ಒಪ್ಪಿಕೊಂಡು ಬಂದ. ಮೈ ಬಂತು, ಕಾಲು ಬಂದವು, ಬಾಯಿ ಬಂತು. ಆದರೆ ಸಿಂಹದ ಕೊರಳಿನ ಕೂದಲು ಮಾತ್ರ ಏನು ಮಾಡಿದರೂ ಕಸಬರಿಗೆಯ ಹಾಗೆ ಕಾಣತೊಡಗಿತು. ಕಡೆಗೆ ಕೂದಲನ್ನೆಲ್ಲ ಕಿತ್ತು ಹಾಕಿದ. ಉಳಿದದ್ದನ್ನು ದೂರದಿಂದ ನೋಡಿ, “ಇದು ತೋಳ” ಎಂದು ತೀರ್ಮಾನಿಸಿದ.

“ಸಿಂಹ ಎಲ್ಲಾರ ಬಾಗಲದಾಗೂ ಅದಾವ್ರಿ ಸಾವಕಾರ್ರ. ತೋಳ ನಮ್ಮ ಸೀಮಿದು. ಇಲ್ಲೇ ಬಂಕಾಪುರದ ಗುಡ್ಡಾನ ತೋಳದ್ದು” ಎಂದು ಫೋನಿನಲ್ಲಿ ಹೇಳಿದ. ಸಾಹುಕಾರನಿಗೆ ಅದು ಬಹಳ ದೊಡ್ಡ ವಿಚಾರವೆನ್ನಿಸಿತು.

“ಮದುವಿ ಮನಿ ಬಾಗಲದಾಗ ತೋಳ ನಿಂದರಸಿದ್ರ ಕುರಿ ಕಾಯಾವ್ರು ಉಣ್ಣಾಕ ಬರೂದ ಬ್ಯಾಡೇನ್ರಿ?” ಎಂದು ಹುಲಿಗವ್ವ ಕೇಳಿದಳು. ಶಿಲ್ಪಿ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದ.

ಮೊದಲ ತೋಳ ಮುಗಿಯಿತು. ಎರಡನೆಯದು ಕುತ್ತಿಗೆಯ ತನಕ ಬಂದಾಗ ಅಮಾವಾಸ್ಯೆ ಬಂತು.

ಅಮಾವಾಸ್ಯೆಯ ದಿನ ಕಂಬಾರರು ಕುಲುಮೆ ಹೊತ್ತಿಸುವುದಿಲ್ಲ. ಅಂದು ಆಯುಧಗಳಿಗೆಲ್ಲ ಎಣ್ಣೆ ಎರೆಯುತ್ತಾರೆ. ಎಣ್ಣೆಯನ್ನು ಒಣಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿ, ಮೈತುಂಬ ವಿಭೂತಿ ಬಳಿದು ಬಿಸಿಲಿಗೆ ಬಿಡುತ್ತಾರೆ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು, ಚಮಟಿಗೆ, ಇಕ್ಕಳ ಎಲ್ಲವೂ ಬೆಳ್ಳಗೆ ಕುಳಿತಿರುತ್ತವೆ. ನೋಡಿದವರು ಅದನ್ನು ಪೂಜೆ ಎನ್ನುತ್ತಾರೆ, ಪೂಜೆಯೇ. ಆದರೆ ಮನೆಯವರು ಮಧ್ಯಾಹ್ನ ಹೋಗಿ ಒಂದೊಂದನ್ನೂ ತಿರುಗಿಸಿ ನೋಡುತ್ತಾರೆ. ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಹೊಕ್ಕ ಎಣ್ಣೆ ಒರೆಸಿದರೂ ಹೋಗುವುದಿಲ್ಲ. ಬಿಸಿಲು ತಾಗಿದಾಗ ಮೆಲ್ಲಗೆ ಹೊರಬಂದು ಬೂದಿಯನ್ನು ತೋಯಿಸುತ್ತದೆ. ‘ಕಬ್ಬಿಣ ಅತ್ತಿತು’ ಎನ್ನುತ್ತಾರೆ. ಅತ್ತ ಆಯುಧವನ್ನು ಮತ್ತೆ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಅದು ಬೆಂಕಿಗೆ ಹೋಗಿ ಬೇರೆ ಏನಾದರೂ ಆಗಿ ಬರಬೇಕು.

ಆ ದಿನ ಹುಲಿಗವ್ವ ಹ್ಯಾಮರಿಗೂ ಎಣ್ಣೆ ಎರೆದು, ಒರೆಸಿ, ಬೂದಿ ಬಳಿದು, ಹೋಳಿಗೆಯ ಹೂರಣ ರುಬ್ಬಲು ಮನೆಗೆ ಹೋಗಿದ್ದಳು. ಕಳಕಪ್ಪ ಒಬ್ಬನೇ ಶೆಡ್ಡಿಗೆ ಬಂದ. ಬಾಗಿಲಿನ ಬಿಸಿಲು ಹ್ಯಾಮರಿನ ತಲೆಯ ಮೇಲೆ ಬಿದ್ದಿತ್ತು. ಕೊಂಡಿ ಸೇರುವ ಕುತ್ತಿಗೆಯ ಹತ್ತಿರ, ಬಿಳಿಯ ಬೂದಿಯ ನಡುವೆ, ಹೆಣ್ಣುಮಕ್ಕಳ ಉದುರಿದ ಕೂದಲಿನಷ್ಟು ಸಣ್ಣದೊಂದು ಕಪ್ಪು ಗೆರೆ ಇತ್ತು.

ಮೇಲಿನ ಬೇರಿಂಗಿನಿಂದ ಸೋರಿರಬೇಕು ಎಂದುಕೊಂಡ. ಹೆಗಲ ಮೇಲಿನ ಟವೆಲಿನ ತುದಿಯಿಂದ ಒರೆಸಿ, ಹೊಸ ಬೂದಿ ಬಳಿದು, ಬೀಡಿ ಹಚ್ಚಿಕೊಂಡು ಹೊರಗೆ ನಿಂತ. ಬೀಡಿ ಮುಗಿಸಿ ಒಳಗೆ ಬಂದಾಗ ಗೆರೆ ಅಲ್ಲೇ ಇತ್ತು. ಈ ಸಲ ಸ್ವಲ್ಪ ಉದ್ದವಾಗಿತ್ತು. ಮೊದಲು ತಾನು ಸರಿಯಾಗಿ ನೋಡಿರಲಿಲ್ಲವೇನೋ.

ಇಂಥ ಹೊತ್ತಿನಲ್ಲಿ ಮನುಷ್ಯನ ತಲೆ ಬಹಳ ಚುರುಕಾಗಿ ಓಡುತ್ತದೆ, ಬೇಕಾದ ಕಡೆಗೆ ಮಾತ್ರ. ಇದು ಎರಕದ ಗುರುತಿರಬಹುದು. ಇಷ್ಟು ದಪ್ಪದ ಕಬ್ಬಿಣ ಎಲ್ಲಾದರೂ ಒಡೆಯುತ್ತದೆಯೇ? ಅಲ್ಲದೆ ಅಜ್ಜಂದಿರ ಕಾಲದಲ್ಲಿ ಹ್ಯಾಮರೇ ಇರಲಿಲ್ಲ. ಕೈಸುತ್ತಿಗೆಯ ಶಾಸ್ತ್ರ ಮಷಿನ್ನಿಗೆ ಹೇಗೆ ತಗಲುತ್ತದೆ? ಶಬ್ಬೀರನನ್ನು ಕರೆದರೆ ತಲೆ ಬಿಚ್ಚುತ್ತಾನೆ, ಹೊಸದು ಬರುವ ತನಕ ತೋಳ ಕುತ್ತಿಗೆ ಇಲ್ಲದೆ ನಿಲ್ಲುತ್ತದೆ, ಮಂಟಪದ ಉದ್ಘಾಟನೆಯ ಮುಹೂರ್ತ ಮೀರುತ್ತದೆ. ಮಂಟಪದ ಎದುರು ಫ್ಲೆಕ್ಸು ಆಗಲೇ ಏರಿತ್ತು. ಅದರಲ್ಲಿ ಸಾಹುಕಾರನ ಪಕ್ಕದಲ್ಲಿ ಶಾಲು ಹೊದ್ದ ಕಳಕಪ್ಪನ ಮುಖ, ಸಾಹುಕಾರನದಕ್ಕಿಂತ ಒಂದೇ ಒಂದು ಬೆರಳಿನಷ್ಟು ಸಣ್ಣದು. ಆ ಮುಖವನ್ನು ಅವನು ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬಂದಿದ್ದ.

ಊಟಕ್ಕೆ ಮೊದಲು ಅವನು ಅಂಗಡಿಗೆ ಹೋಗಿ ಬೆಳ್ಳಿ ಬಣ್ಣದ ಡಬ್ಬಿ ತಂದ. ಹುಲಿಗವ್ವ ಹೋಳಿಗೆಯ ತಟ್ಟೆ ಹಿಡಿದು ಬರುವಾಗ ಹ್ಯಾಮರಿನ ತಲೆ ಮದುಮಗನ ಹಾಗೆ ಹೊಳೆಯುತ್ತಿತ್ತು.

“ಇದೇನ್ರಿ, ಬೂದಿ ಆರೂಕಿಂತ ಮೊದಲ ಬಣ್ಣಾ ಬಳದೀರಿ? ನಾ ಇನ್ನೂ ನೋಡಿದ್ದಿಲ್ಲ.”

“ನಾ ನೋಡೇನಿ. ಏನೂ ಇಲ್ಲ. ಸಾವಕಾರ್ರು ವಿಡಿಯೋ ಮಾಡಾಕ ಬರ್ತಾರಂತ, ಚಂದ ಕಾಣಬೇಕು.”

ಹುಲಿಗವ್ವ ಮತ್ತೆ ಕೇಳಲಿಲ್ಲ. ಗಂಡ ನೋಡಿದ್ದೇನೆ ಎಂದ ಮೇಲೆ ಅದು ನೋಡಿದಂತೆಯೇ. ಕುಲುಮೆಯ ಮನೆಯಲ್ಲಿ ಈ ಒಂದು ವಿಷಯದಲ್ಲಿ ಯಾರೂ ಸುಳ್ಳು ಹೇಳಿದ್ದು ಅವಳು ಕೇಳಿರಲಿಲ್ಲ.

ಮರುದಿನ ಅವಳು ಎಂದಿನಂತೆ ಸ್ಟೂಲಿನ ಮೇಲೆ ಕುಳಿತಳು. ಅದರ ಮರುದಿನವೂ ಕುಳಿತಳು. ಕಳಕಪ್ಪ ಪೆಡಲಿನ ಮೇಲೆ ಕಾಲಿಟ್ಟು, ಮೊಟ್ಟೆಯ ಮೇಲೆ ಇಟ್ಟವನಂತೆ ತುಳಿಯುತ್ತಿದ್ದ. ಪ್ರತಿ ಪೆಟ್ಟಿಗೂ ಅವನ ಕಣ್ಣು ಕಾದ ಕಬ್ಬಿಣವನ್ನು ಬಿಟ್ಟು ಬೆಳ್ಳಿಯ ಕುತ್ತಿಗೆಗೆ ಹೋಗುತ್ತಿತ್ತು, ಅಲ್ಲಿಂದ ಹೆಂಡತಿಯ ಹಣೆಗೆ, ಮತ್ತೆ ಕುತ್ತಿಗೆಗೆ. ಆದರೂ ಬೆಳಗಾದರೆ “ಬಾ, ಕಬ್ಬಿಣ ಕಾದೈತಿ” ಎಂದು ಕರೆಯುತ್ತಿದ್ದ.

“ಯಾಕ್ರಿ, ಮಷಿನ್ನಿಗೆ ನೆಗಡಿ ಬಂದೈತೇನು? ಹಗೂರಕ ಕುಟ್ಟಾಕತ್ತೈತಿ” ಎಂದಳು ಹುಲಿಗವ್ವ.

“ಕುತ್ತಿಗಿ ಕೆಲಸ ನಾಜೂಕು. ಕಲಾದಾಗ ಅವಸರ ನಡ್ಯೂದಿಲ್ಲ.”

“ಹಂಗಾರ ಹಿಂದಿನ ತೋಳದ್ದು ಏನು, ಕಲಾ ಇಲ್ಲದ ಕುತ್ತಿಗಿ?”

ಒಂದು ಬೆಳಿಗ್ಗೆ ಶಬ್ಬೀರ ಆ ದಾರಿಯಲ್ಲಿ ಹೋಗುವಾಗ ಗಾಡಿ ನಿಲ್ಲಿಸಿ ಒಳಗೆ ಬಂದ. ಚಹಾ ಕುಡಿಯುತ್ತ ಹ್ಯಾಮರಿನ ಪೆಟ್ಟು ಕೇಳಿದ. ಕಪ್ಪನ್ನು ಕೆಳಗಿಟ್ಟು, ಮೋಟಾರು ನಿಂತಮೇಲೆ ಪಾನಾ ತೆಗೆದುಕೊಂಡು ತಲೆಯ ಮೇಲೆ ಮೆಲ್ಲಗೆ ಬಡಿದ. ಗಂಟೆಯ ಹಾಗೆ ಕೇಳಬೇಕಾದದ್ದು ಮಡಕೆಯ ಹಾಗೆ ಕೇಳಿಸಿತು.

“ಇದರ ದನಿ ಬ್ಯಾರೆ ಆಗೇತಲ್ಲಣ್ಣ.”

“ಬಣ್ಣಾ ಬಳದೇನಲ್ಲ, ದನಿ ಮಂದ ಆಗೇತಿ.”

“ಬಣ್ಣಕ್ಕ ಕಬ್ಬಿಣದ ದನಿ ಹೋಗತೈತೇನಣ್ಣ? ಅಮಾಸಿಗಿ ನೋಡಿದ್ರಿಲ್ಲ?”

“ಇವರ ನೋಡ್ಯಾರ” ಎಂದಳು ಹುಲಿಗವ್ವ ಸ್ಟೂಲಿನ ಮೇಲಿಂದ.

ಶಬ್ಬೀರ ಕಳಕಪ್ಪನ ಮುಖ ನೋಡಿದ. ಕಳಕಪ್ಪ ಆ ಕೂಡಲೇ ಉಕ್ಕಿನ ಗುಣ, ಶಿಲ್ಪಿಯ ದೃಷ್ಟಿ, ಸಾಮಾನ್ಯ ವೆಲ್ಡಿಂಗಿಗೂ ಕಲೆಗೂ ಇರುವ ಅಂತರ ಇವುಗಳ ಕುರಿತು ಮಾತಾಡತೊಡಗಿದ. ಕೇಳಿ ಕೇಳಿ ಶಬ್ಬೀರ ಹೆಲ್ಮೆಟ್ಟು ಹಾಕಿಕೊಂಡ. ಹೋಗುವಾಗ ಹುಲಿಗವ್ವನಿಗೆ, “ಅಕ್ಕಾ, ತುಸು ಹಿಂದ ಸರದು ಕುಂದ್ರು” ಎಂದಷ್ಟೇ ಹೇಳಿದ.

ಹಿಂದೆ ಸರಿದರೆ ಇಕ್ಕಳ ಮುಟ್ಟುವುದಿಲ್ಲ. ಅವಳು ಇದ್ದಲ್ಲೇ ಕುಳಿತಳು.

ಸಾಹುಕಾರ ಬಂದದ್ದು ಮರುದಿನ ಮಧ್ಯಾಹ್ನ, ಮಗಳು ಶ್ವೇತಾಳನ್ನೂ ನಾಲ್ಕಾರು ಬೆಂಬಲಿಗರನ್ನೂ ಕರೆದುಕೊಂಡು. ಶ್ವೇತಾ ಮೊಬೈಲು ಹಿಡಿದು, ನಿಂತ ತೋಳವನ್ನೂ ಅದರ ಕುತ್ತಿಗೆ ಇಲ್ಲದ ತಮ್ಮನನ್ನೂ ಚಿತ್ರ ತೆಗೆದಳು. ಗವಿಸಿದ್ದೇಶ ಹ್ಯಾಮರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಕಳಕಪ್ಪ, ನಂದೊಂದ ಆಶಾ. ನಮ್ಮ ಮಂಟಪದ ತೋಳಕ್ಕ ಒಂದ ನಾಕ ಪೆಟ್ಟು ನನ್ನ ಕಾಲಿಂದ ಬೀಳಬೇಕು. ಪೆಡಲ್ ನಾ ತುಳೀತೀನಿ, ಶ್ವೇತಾ ವಿಡಿಯೋ ಹಿಡೀತಾಳ.”

ಕಳಕಪ್ಪನ ಕಣ್ಣು ಆ ಕಾಲಿಗೆ ಹೋಯಿತು. ಸಾಹುಕಾರನ ಕಾಲು ಬಾಳೆಯ ದಿಂಡಿನಂತಿತ್ತು. ಅದಕ್ಕೆ ಮೊಟ್ಟೆಯ ಮೇಲೆ ತುಳಿಯುವ ವಿದ್ಯೆ ಗೊತ್ತಿರಲಿಲ್ಲ.

“ಮೊದಲ ಚಾ ಕುಡೀರಿ” ಎಂದ. ಚಹಾ ಆಯಿತು. “ಕಬ್ಬಿಣ ಇನ್ನೂ ಕಾಯಬೇಕ್ರಿ” ಎಂದ. ಕಾಯಿತು. ಆಮೇಲೆ ಅವನು ಕಲೆಯ ಬಗ್ಗೆ ಶುರುಮಾಡಿದ. ಜೀವಮಾನದಲ್ಲಿ ಮೊದಲ ಸಲ ಅವನ ಭಾಷಣಕ್ಕೊಂದು ಉಪಯೋಗವಿತ್ತು. ಕಬ್ಬಿಣ ಆರಿತು; ಮತ್ತೆ ಕಾಸಬೇಕಾಯಿತು.

“ಅಂಕಲ್, ಬ್ಯಾಟರಿ ಕಡಿಮಿ ಐತಿ” ಎಂದಳು ಶ್ವೇತಾ.

ಹುಲಿಗವ್ವ ವಿಡಿಯೋಗೆಂದು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಸೆರಗು ಸಿಕ್ಕಿಸಿ, ಕೆಂಡದಂಥ ಕಬ್ಬಿಣವನ್ನು ಇಕ್ಕಳದಲ್ಲಿ ಎತ್ತಿ ಸ್ಟೂಲಿನ ಮೇಲೆ ಕುಳಿತಳು. ಸಾಹುಕಾರ ಚಪ್ಪಲಿ ಬಿಟ್ಟು, ಭಕ್ತಿಯಿಂದ ಪೆಡಲಿನ ಮೇಲೆ ಕಾಲಿಟ್ಟ.

ಮಷಿನ್ ಒಡೆದಿದೆ ಎಂಬ ಮಾತು ಕಳಕಪ್ಪನ ಗಂಟಲಿನವರೆಗೆ ಬಂತು. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಮೊಬೈಲೂ ನೋಡುತ್ತಿತ್ತು. ಮಾತು ಅಲ್ಲಿಂದ ಮೇಲೆ ಏರಲಿಲ್ಲ. ಬದಲಿಗೆ ಬೇರೆ ಮಾತು ಬಂತು.

“ನೀ ಏಳು. ನಾ ಕುಂದರ್ತೀನಿ.”

“ಯಾಕ್ರಿ? ಇದು ನನ್ನ ಜಾಗಾ ಅಲ್ಲೇನು?”

“ಏಳಂತ ಹೇಳಿದ್ನಲ್ಲ!”

“ನೋಡ್ರ‍್ಯೋ” ಎಂದು ಗವಿಸಿದ್ದೇಶ ನಕ್ಕ, “ವಿಡಿಯೋದಾಗ ಬರೂ ಆಸೇಕ್ಕ ಹೆಂಡ್ತೀನೂ ಎಬ್ಬಿಸ್ಯಾನ!” ಎಲ್ಲರೂ ನಕ್ಕರು. ಹುಲಿಗವ್ವನೂ ನಗುತ್ತಲೇ ಇಕ್ಕಳ ಕೊಟ್ಟು ಎದ್ದಳು. ಕೊಡುವಾಗ ಅವನ ಕೈ ಮುಟ್ಟಿತು. ಬೆಂಕಿಯ ಮುಂದೆ ನಿಂತವನ ಕೈ ತಣ್ಣಗೆ ಹೆಣದಂತಿತ್ತು. ಅವಳ ನಗು ಅರ್ಧಕ್ಕೆ ನಿಂತಿತು. ಅವನು ಸ್ಟೂಲಿನ ಮೇಲೆ ಕುಳಿತು, ಮುಖವನ್ನು ಒಂದು ಕಡೆಗೆ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದ. ಇಷ್ಟು ವರ್ಷಗಳಲ್ಲಿ ಕಾದ ಕಬ್ಬಿಣದ ಮುಂದೆ ಅವನು ಕಣ್ಣು ಮುಚ್ಚಿದ್ದನ್ನು ಅವಳು ಕಂಡಿರಲಿಲ್ಲ.

ಸಾಹುಕಾರ ಮೈಭಾರವನ್ನೆಲ್ಲ ಬಿಟ್ಟು ತುಳಿದ.

ಶೆಡ್ಡಿನ ತಗಡುಗಳೆಲ್ಲ ಒಮ್ಮೆಲೇ ನಡುಗಿದವು. ತಲೆ ಎದ್ದು ಬಿತ್ತು, ಎದ್ದು ಬಿತ್ತು. ಕಿಡಿಗಳು ಸೀರೆಯ ಅಂಚಿನ ತನಕ ಹಾರಿದವು. ಮಡಕೆಯಂಥ ದನಿಯ ಒಳಗೆ ಇನ್ನೊಂದು ದನಿ ಸೇರಿತು, ಹಲ್ಲು ಕಡಿದ ಹಾಗೆ. ಅದು ಹುಲಿಗವ್ವನ ಕಿವಿಗೆ ಬಿತ್ತು. ಅವಳು ಗೋಡೆಯ ಕಡೆ ಓಡಿ, ಸತ್ತ ಬಲಗೈಯನ್ನೇ ಎತ್ತಿ ಮೇನ್ ಸ್ವಿಚ್ಚು ಎಳೆದಳು.

ಮೋಟಾರು ನಿಂತಿತು. ಹ್ಯಾಮರು ನಿಲ್ಲಲಿಲ್ಲ. ಆ ಭಾರಿ ಗಾಲಿಗೆ ತನ್ನದೇ ಓಟವಿತ್ತು, ಸಾಹುಕಾರನ ಕಾಲು ಪೆಡಲಿನ ಮೇಲೇ ಇತ್ತು.

“ಕಾಲ ತಗೀರಿ ಸಾವಕಾರ್ರ! ಕಾಲ!”

ಗವಿಸಿದ್ದೇಶ ಮೊಬೈಲಿನ ಕಡೆ ನೋಡಿ ನಗುತ್ತಿದ್ದ. ಪೆಟ್ಟುಗಳು ನಿಧಾನವಾದವು, ಒಂದೊಂದರ ನಡುವೆಯೂ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಎಲ್ಲಕ್ಕಿಂತ ಸೋಮಾರಿಯಾದ ಒಂದು ಪೆಟ್ಟಿಗೆ ತಲೆಯ ಕುತ್ತಿಗೆ ಮುರಿಯಿತು. ತಲೆ ಕೆಳಗೆ ದೊಪ್ಪೆಂದು ಬಿತ್ತು. ಭಾರ ಕಳೆದುಕೊಂಡ ಕಮಾನು ಮೇಲಕ್ಕೆ ಚಿಮ್ಮಿ, ಕೊಂಡಿಯಲ್ಲಿ ಉಳಿದಿದ್ದ ಮುರಿದ ತುಂಡನ್ನು ಬೀಸಿ ಒಗೆಯಿತು. ಅದು ಕಳಕಪ್ಪನ ಎಡಗಿವಿಯ ಪಕ್ಕದಿಂದ ಹಾಯ್ದು, ಹಿಂದಿನ ತಗಡನ್ನು ಸೀಳಿಕೊಂಡು ಹೊರಗೆ ಬಿತ್ತು. ಸೀಳಿನೊಳಗಿಂದ ಬಿಸಿಲಿನ ಒಂದು ಕೋಲು ಒಳಗೆ ಬಂದು ಧೂಳಿನಲ್ಲಿ ನಿಂತಿತು.

ಎಲ್ಲರೂ ಒಟ್ಟಿಗೆ ಮಾತಾಡಿದರು. ಕಳಕಪ್ಪನ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅವನಿಗೆ ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಗವಿಸಿದ್ದೇಶ ಬೆವರು ಒರೆಸಿಕೊಂಡು, “ನನ್ನ ಕಡಿಂದ ಏನೂ ತಪ್ಪಾಗಿಲ್ಲಲ್ಲಪಾ?” ಎಂದು ಒಬ್ಬೊಬ್ಬರನ್ನೂ ಕೇಳಿದ. ಆಗಿಲ್ಲವೆಂದು ಒಬ್ಬೊಬ್ಬರೂ ಹೇಳಿದ ಮೇಲೆ ಸಮಾಧಾನವಾಗಿ, “ಹೆಂಡ್ತೀನ ಎಬ್ಬಿಸಿ ತಾನು ಕುಂತಾನ ನೋಡ್ರಿ. ಇವಂಗ ಮೊದಲ ಹೊಳದಿತ್ತು. ಕಲಾವಿದರಿಗೆ ಹಂಗ ಹೊಳೀತೈತಿ” ಎಂದು ಘೋಷಿಸಿದ. ಶ್ವೇತಾಳ ಮೊಬೈಲು ಅದನ್ನೂ ಹಿಡಿಯಿತು. ಕಾರು ಹೋಯಿತು.

ಹುಲಿಗವ್ವ ಕಾರಿನ ಕಡೆ ನೋಡಿರಲಿಲ್ಲ. ಅವಳು ಕೆಳಗೆ ಬಿದ್ದ ತಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮುರಿದ ಕಬ್ಬಿಣದ ಮುಖದಲ್ಲಿ ಅರ್ಧ ಭಾಗ ಹೊಸದಾಗಿ ಒಡೆದು ಸಕ್ಕರೆಯ ಹಾಗೆ ಮಿನುಗುತ್ತಿತ್ತು. ಉಳಿದ ಅರ್ಧ ಹಳೆಯ ಎಣ್ಣೆ ಹಿಡಿದು ಕಪ್ಪಾಗಿತ್ತು. ಆ ಕಪ್ಪಿನ ಅಂಚಿಗೆ, ಬಿರುಕಿನ ಒಳಕ್ಕೆ ಇಳಿದು ಒಣಗಿದ ಬೆಳ್ಳಿ ಬಣ್ಣ ಇತ್ತು. ಅವಳು ಅದನ್ನು ಉಗುರಿನಿಂದ ಕೆರೆದು, ಉಗುರು ನೋಡಿದಳು. ಕಂಬಾರರ ಹೆಂಗಸಿಗೆ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ.

ಎದ್ದು ಬಂದು ಟವೆಲಿನಿಂದ ಗಂಡನ ಕಿವಿ ಒತ್ತಿ ಹಿಡಿದಳು. ಆಮೇಲೆ ಅವನ ಬಲಗಿವಿಯ ಹತ್ತಿರ ಬಾಗಿ, ಮೆತ್ತಗೆ ಕೇಳಿದಳು:

“ಇವತ್ತ ಎಬ್ಬಿಸಿದ್ರಿ. ನಿನ್ನೆ?”

ಕಳಕಪ್ಪನಿಗೆ ಅದು ಚೆನ್ನಾಗಿ ಕೇಳಿಸಿತು. ಅವನಿಗೆ ಹೊಳೆದ ಉತ್ತರ ಒಂದೇ.

“ನಿನ್ನೆ ಹಗೂರಕ ತುಳದಿದ್ದೆ.”

ಹುಲಿಗವ್ವ “ಹೂಂ” ಎಂದಳು.

ಶಬ್ಬೀರ ಹೊಸ ತಲೆ ತಂದು ಕೂಡಿಸಿದ. ಎರಡನೆಯ ತೋಳಕ್ಕೂ ಕುತ್ತಿಗೆ ಬಂತು. ಮುಹೂರ್ತ ಸ್ವಲ್ಪ ಮುಂದೆ ಹೋಯಿತಾದರೂ ಮಂಟಪದ ಮೊದಲ ಮದುವೆಗೆ ಬಂದವರು ತೋಳಗಳ ಎದುರು ನಿಂತು ಫೋಟೊ ತೆಗೆಸಿಕೊಂಡರು. ಶ್ವೇತಾಳ ವಿಡಿಯೋ ಯಲಬುರ್ಗಾದ ತನಕ ಹೋಯಿತು. ಹೆಂಡತಿಯ ಜೀವಕ್ಕೆ ತನ್ನ ಜೀವ ಒಡ್ಡಿದ ಶಿಲ್ಪಿ ಎಂದು ಜನ ಕಳಕಪ್ಪನನ್ನು ಕೊಂಡಾಡಿದರು. ಇನ್ನೊಂದು ಶಾಲು ಬಂತು. ಅದನ್ನು ಹೊದಿಸುವಾಗ ಅವನು ಸಭೆಯಲ್ಲಿ ಹೆಂಡತಿಯನ್ನು ಹುಡುಕಿದ. ಅವಳು ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲರ ಜೊತೆಗೆ ಚಪ್ಪಾಳೆ ತಟ್ಟುತ್ತಿದ್ದಳು.

ಈಗ ಶೆಡ್ಡಿನಲ್ಲಿ ಜಾಗಗಳು ಬದಲಾಗಿವೆ. ಯಾರೂ ಆ ಬಗ್ಗೆ ಮಾತಾಡಿ ತೀರ್ಮಾನಿಸಲಿಲ್ಲ. ಹೊಸ ತಲೆ ಕೂಡಿಸಿದ ಮೊದಲ ದಿನ ಹುಲಿಗವ್ವ ನೇರವಾಗಿ ಹೋಗಿ ಪೆಡಲಿನ ಹತ್ತಿರ ನಿಂತಳು. ಸ್ಟೂಲು ಖಾಲಿ ಇತ್ತು. ಶಿಲ್ಪಿ ನಿಂತಿರಬೇಕೆಂಬ ಸಿದ್ಧಾಂತ ಅಂದೇ ಮುಗಿಯಿತು. ಅಮಾವಾಸ್ಯೆಗೆ ಎಣ್ಣೆ ಎರೆಯುವವಳೂ, ಬೂದಿ ಬಳಿಯುವವಳೂ, ತಿರುಗಿಸಿ ನೋಡುವವಳೂ ಅವಳೊಬ್ಬಳೇ. ನೋಡುವಾಗ ಶೆಡ್ಡಿನ ಬಾಗಿಲು ಮುಂದೆ ಎಳೆದುಕೊಳ್ಳುತ್ತಾಳೆ. ಕಳಕಪ್ಪ ಹೊರಗೆ ಬೀಡಿ ಸೇದುತ್ತ ನಿಂತಿರುತ್ತಾನೆ. ಅವಳು ಹೊರಗೆ ಬಂದಾಗ ಮುಖ ನೋಡುತ್ತಾನೆ. ಮುಖದಲ್ಲಿ ಏನೂ ಇರುವುದಿಲ್ಲ.

ಮೊನ್ನೆ ಅಮಾವಾಸ್ಯೆಯ ಮರುದಿನ, ಪಾಡ್ಯದ ಬೆಳಿಗ್ಗೆ ಕಬ್ಬಿಣ ಕಾದಿತ್ತು. ಅವನು ಇಕ್ಕಳ ಹಿಡಿದು ಸ್ಟೂಲಿನ ಹತ್ತಿರ ಬಂದು, ಕೂಡದೆ ನಿಂತ.

“ನಿನ್ನೆ ಎಲ್ಲಾ ನೋಡೀಯಿಲ್ಲೋ?”

“ನೋಡೇನ್ರಿ.”

“ಏನೂ ಇಲ್ಲಲ್ಲ?”

ಹುಲಿಗವ್ವ ಸೆರಗು ಬಿಗಿದುಕೊಂಡು ಪೆಡಲಿನ ಮೇಲೆ ಕಾಲಿಟ್ಟಳು.

“ಕಬ್ಬಿಣ ಆರಾಕತ್ತೈತಿ” ಎಂದಳು. “ಕುಂದರ್ರಿ.”